ಈರಪ್ಪ ಮಾಸ್ತರರ ನಿಲ್ಲದ ಮೊತ್ತ

ಕಾಲೇಜಿನಲ್ಲಿ ಗಣಿತ ಕಲಿಸುವ ಕೆಲಸಕ್ಕೆ ಈಗಷ್ಟೇ ಸೇರಿದವರು ಇದನ್ನು ಓದುತ್ತಿದ್ದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಯಾವ ವರ್ಷ ರೀಡರ್ ಆದೆ, ಯಾವ ವರ್ಷ ಪ್ರೊಫೆಸರ್ ಆದೆ ಎಂಬುದು ಇಲ್ಲಿ ಸಿಗುವುದಿಲ್ಲ. ಅವು ಆಗಬೇಕಾದಾಗ ಆದವು. ಅವುಗಳಲ್ಲಿ ನನ್ನ ಪಾತ್ರಕ್ಕಿಂತ ನನ್ನ ವಯಸ್ಸಿನ ಪಾತ್ರ ದೊಡ್ಡದು. ಇಲ್ಲಿ ಸಿಗುವುದು, ನಾನು ಒಂದು ಅಪ್ಪಟ ಸುಳ್ಳನ್ನು ಎರಡು ವರ್ಷ, ಗಂಟಲು ಸರಿಮಾಡಿಕೊಂಡು, ಅಲ್ಪವಿರಾಮ ಪೂರ್ಣವಿರಾಮ ಸಹಿತ, ಎಂಬತ್ತು ಜನರಿಗೆ ಬರೆಸಿದ ಕಥೆ. ಆ ಎಂಬತ್ತರಲ್ಲಿ ಎಪ್ಪತ್ತೊಂಬತ್ತು ಜನ ಅದನ್ನು ನಂಬಿದರು ಎಂಬುದು ನನ್ನ ಅಧ್ಯಾಪನ ಸಾಮರ್ಥ್ಯಕ್ಕೆ ಸಿಕ್ಕ ಪ್ರಮಾಣಪತ್ರವೆಂದೇ ಆ ಕಾಲದಲ್ಲಿ ತಿಳಿದಿದ್ದೆ.

‘ಬರೆಸಿದ’ ಎಂದೆ. ಈಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ನಾನು ಧಾರವಾಡದ ಒಂದು ಕಾಲೇಜಿಗೆ ಸೇರಿದಾಗ ಪಾಠ ಮಾಡುವುದೆಂದರೆ ನೋಟ್ಸು ಬರೆಸುವುದು. ಅಧ್ಯಾಪಕ ಕುರ್ಚಿಯಲ್ಲಿ ಕೂತು ಓದುತ್ತಾನೆ, ಹುಡುಗರು ತಲೆ ತಗ್ಗಿಸಿ ಬರೆಯುತ್ತಾರೆ, ಗಂಟೆ ಹೊಡೆದಾಗ ಎರಡೂ ಕಡೆಯವರು ತಮ್ಮ ಕರ್ತವ್ಯ ಮುಗಿಯಿತೆಂದು ಏಳುತ್ತಾರೆ. ಆ ನೋಟ್ಸಿನ ಮೂಲಪ್ರತಿ ಒಂದೇ. ಅದು ನಮ್ಮ ವಿಭಾಗದ ಮುಖ್ಯಸ್ಥರಾದ ಇನಾಮದಾರ ಸರ್ ಅವರ ಕಪ್ಪು ಬಟ್ಟೆ ಹೊದಿಕೆಯ ವಹಿ. ಹೊಸಬರು ಅದನ್ನು ನಕಲು ಮಾಡಿಕೊಳ್ಳಬೇಕು. ಅದೇ ನಮ್ಮ ದೀಕ್ಷೆ.

ಸರ್ ನನ್ನ ಕೈಗೆ ಅದನ್ನು ಕೊಟ್ಟಾಗ ಹೇಳಿದ್ದು ಇಷ್ಟು: “ಮೂರು ದಿನದಾಗ ತಿರುಗಿ ಕೊಡಬೇಕಪಾ. ಅಕ್ಷರ ಕೂಡ ಬಿಡಬ್ಯಾಡ.”

ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಕೋಣೆ ಹಿಡಿದಿದ್ದೆ. ಮೂರು ದಿನ ಕೈಬೆರಳು ಮರಗಟ್ಟುವ ತನಕ ಬರೆದೆ. ವಹಿಯಲ್ಲಿ ಎರಡು ಬಣ್ಣದ ಶಾಯಿ ಇತ್ತು. ಪಾಠವೆಲ್ಲ ಕಪ್ಪು. ನಡುನಡುವೆ ಅಂಚಿನಲ್ಲಿ, ಕೆಲವು ಕಡೆ ಇಡೀ ಪುಟದಲ್ಲಿ, ಕೆಂಪು. ಕೆಂಪಕ್ಷರ ಸರ್ ತಮಗಾಗಿ ಬರೆದುಕೊಂಡ ಖಾಸಗಿ ಸಂಗತಿ ಇರಬೇಕು, ದೊಡ್ಡವರ ಖಾಸಗಿ ಸಂಗತಿ ಓದುವುದು ಸಭ್ಯತೆಯಲ್ಲ ಎಂದು ತೀರ್ಮಾನಿಸಿ, ನಾನು ಕಪ್ಪನ್ನು ಮಾತ್ರ ನಕಲಿಸಿದೆ. ಸಭ್ಯತೆಯಿಂದ ಇಷ್ಟು ಹಾನಿ ಆದ ಇನ್ನೊಂದು ಪ್ರಸಂಗ ನನಗೆ ಗೊತ್ತಿಲ್ಲ.

ಆ ವಹಿಯಲ್ಲಿ ನನಗೆ ಅತಿ ಪ್ರಿಯವಾದ ಪ್ರಕರಣ ಅನಂತ ಶ್ರೇಣಿಯದು. ಮುಗಿಯದ ಕೂಡುವ ಲೆಕ್ಕ. ಅರ್ಧ, ಅದಕ್ಕೆ ಕಾಲು ಕೂಡು, ಅದಕ್ಕೆ ಅರೆಕಾಲು ಕೂಡು, ಪ್ರತಿ ಸಲವೂ ಹಿಂದಿನದರ ಅರ್ಧ ಕೂಡುತ್ತ ಹೋಗು. ಕೂಡುವುದು ಎಂದಿಗೂ ಮುಗಿಯುವುದಿಲ್ಲ, ಆದರೂ ಮೊತ್ತ ಒಂದನ್ನು ದಾಟುವುದಿಲ್ಲ. ಇನಾಮದಾರ ಸರ್ ಇದನ್ನು ಕಲಿಸುವಾಗ ವರ್ಗದ ಒಂದು ಗೋಡೆಯಿಂದ ಹೊರಟು ಇನ್ನೊಂದು ಗೋಡೆಯತ್ತ ಅರ್ಧ ದೂರ ನಡೆಯುತ್ತಿದ್ದರು. ನಿಂತು, ಉಳಿದದ್ದರ ಅರ್ಧ. ಮತ್ತೆ ನಿಂತು, ಅದರ ಅರ್ಧ. ಕೊನೆಗೆ ಮೂಗು ಗೋಡೆಯ ಸುಣ್ಣಕ್ಕೆ ತಾಗುವ ಹಾಗೆ ನಿಂತು, “ಇನ್ನೂ ಮುಟ್ಟಿಲ್ಲ ನೋಡ್ರಿ. ಎಂದೂ ಮುಟ್ಟಂಗಿಲ್ಲ. ಆದ್ರ ಗೋಡಿ ಎಲ್ಲಿ ಅದ ಅನ್ನೋದು ನಿಮಗೆಲ್ಲಾ ಗೊತ್ತಾತು” ಅನ್ನುತ್ತಿದ್ದರು. ಮೊದಲ ಸಲ ಬಾಗಿಲ ಹೊರಗೆ ನಿಂತು ಇದನ್ನು ನೋಡಿದಾಗ ನನ್ನ ಮೈಮೇಲೆ ಮುಳ್ಳು ಎದ್ದಿದ್ದವು. ಎರಡು ಗೋಡೆಗಳ ನಡುವೆ ಅನಂತವನ್ನು ಹಿಡಿದಿಟ್ಟ ಮನುಷ್ಯ, ಕೋಟಿನ ಮೇಲಿನ ಸುಣ್ಣ ಝಾಡಿಸಿಕೊಂಡು ಚಹಾಕ್ಕೆ ಹೋಗುತ್ತಿದ್ದ.

ಇದರ ಮುಂದಿನ ಪುಟದಲ್ಲಿ, ಕಪ್ಪು ಶಾಯಿಯಲ್ಲಿ, ಒಂದು ಪ್ರಮೇಯ ಇತ್ತು. ಕೂಡುತ್ತ ಹೋಗುವ ಪದಗಳು ಸಣ್ಣವಾಗುತ್ತ ಸೊನ್ನೆಯತ್ತ ಹೋದರೆ ಅವುಗಳ ಮೊತ್ತ ಎಲ್ಲೋ ಒಂದು ಮಿತಿಯಲ್ಲಿ ನಿಂತೇ ನಿಲ್ಲುತ್ತದೆ. ಕೆಳಗೆ ಸಾಧನೆ: ಪದಗಳು ಮುಂದೆ ಎಷ್ಟು ಸಣ್ಣವಾಗುತ್ತವೆಂದರೆ ಅವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ, ಆದ್ದರಿಂದ ಮೊತ್ತ ನಿಂತಿತು. ಎಂಟೇ ಸಾಲು. ಎಷ್ಟು ಸೊಗಸು! ನಾನು ಬರೆಸಿದೆ. ಹುಡುಗರು ಬರೆದುಕೊಂಡರು. ಒಂದು ವರ್ಷ ಹೋಯಿತು. ಎರಡನೆಯ ವರ್ಷ ಮತ್ತೆ ಬರೆಸಿದೆ. ಆ ವರ್ಷ ಎರಡನೆಯ ಬೆಂಚಿನಲ್ಲಿ ಈರಪ್ಪ ಮಾಸ್ತರ ಕೂತಿದ್ದರು.

ಅವರು ಮುಗದದವರು, ಅಲ್ಲಿಯ ಪ್ರಾಥಮಿಕ ಶಾಲೆಯ ಮಾಸ್ತರರು. ನನಗೆ ಇಪ್ಪತ್ತೈದು, ನನ್ನ ಈ ವಿದ್ಯಾರ್ಥಿಗೆ ಮೂವತ್ತು. ಪದವಿ ಮಾಡಿಕೊಳ್ಳಲು ರಜೆ ಪಡೆದು ಬಂದಿದ್ದರು. ದಿನಾ ಬೆಳಿಗ್ಗೆ ಮುಗದದಿಂದ ರೈಲಿಗೆ ಅವರು, ಹುಬ್ಬಳ್ಳಿಯಿಂದ ಬಸ್ಸಿಗೆ ನಾನು, ಎರಡು ದಿಕ್ಕಿನಿಂದ ಹೊರಟು ಒಂದೇ ಖೋಲಿಯಲ್ಲಿ ಸೇರುತ್ತಿದ್ದೆವು. ಧೋತರ, ಕರೀ ಕೋಟು, ಟೊಪ್ಪಿಗೆ. ನಾನು ಒಳಗೆ ಬಂದೊಡನೆ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುತ್ತಿದ್ದರು. ನನಗೆ ಅವರನ್ನು ‘ನೀನು’ ಅನ್ನಲು ಬಾಯಿ ಬರಲಿಲ್ಲ. ‘ಮಾಸ್ತರ’ ಎಂದೇ ಕರೆದೆ. ಅವರಿಗೆ ಸಿಕ್ಕ ರಜೆಗೆ ಒಂದು ಷರತ್ತಿತ್ತು: ಗಣಿತ ಮುಖ್ಯ ವಿಷಯವಾಗಿ ಸಿಕ್ಕರೆ ಮುಂದೆ ಓದಬಹುದು, ಹೈಸ್ಕೂಲಿನಲ್ಲಿ ಕಲಿಸಬಹುದು, ಸಿಗದಿದ್ದರೆ ರಜೆ ಅಲ್ಲಿಗೇ ರದ್ದು, ಮರಳಿ ಮುಗದದ ಶಾಲೆಗೆ, ಮೂರನೇ ಇಯತ್ತೆಯ ಮಕ್ಕಳಿಗೆ ಕಲಿಸಲು. ಗಣಿತ ಸಿಗಬೇಕಾದರೆ ನಮ್ಮ ಟರ್ಮಿನಲ್ ಪರೀಕ್ಷೆಯಲ್ಲಿ ನೂರಕ್ಕೆ ಅರವತ್ತು ಬೇಕು.

ಪರೀಕ್ಷೆಗೆ ನಾನು ಒಂದು ಪ್ರಶ್ನೆ ಹಾಕಿದ್ದೆ: ‘ಅನಂತ ಶ್ರೇಣಿಯ ಮೊತ್ತದ ಪ್ರಮೇಯವನ್ನು ಸಾಧಿಸಿರಿ. ಹತ್ತು ಅಂಕ.’ ವರ್ಗದವರೆಲ್ಲ ಆ ಎಂಟು ಸಾಲನ್ನು ಅಲ್ಪವಿರಾಮ ಸಹಿತ ಬರೆದರು. ಎಲ್ಲರಿಗೂ ಹತ್ತಕ್ಕೆ ಹತ್ತು. ಒಬ್ಬರು ಮಾತ್ರ ಮುತ್ತಿನಂಥ ಅಕ್ಷರದಲ್ಲಿ, ‘ಇದನ್ನು ಸಾಧಿಸಲು ಬರುವುದಿಲ್ಲ, ಕ್ಷಮಿಸಬೇಕು’ ಎಂದು ಆರಂಭಿಸಿ ಒಂದೂವರೆ ಪುಟ ತುಂಬಿಸಿದ್ದರು. ನಾನು ಮೊದಲ ಸಾಲು ಓದಿ, ಸೊನ್ನೆ ಕೊಟ್ಟು, ಪಕ್ಕದಲ್ಲಿ ಕಾರಣ ಬರೆದೆ: ‘ಪ್ರಮೇಯಕ್ಕೆ ವಿರುದ್ಧವಾಗಿದೆ.’ ಮಾಸ್ತರರಿಗೆ ಒಟ್ಟು ಐವತ್ತೇಳು ಬಂತು.

ಉತ್ತರಪತ್ರಿಕೆ ಕೊಟ್ಟದ್ದು ಶುಕ್ರವಾರ. ಗಣಿತ ಸಿಕ್ಕವರ ಹೆಸರಿನ ಯಾದಿ ಪ್ರಿನ್ಸಿಪಾಲರಿಗೆ ಹೋಗುವುದು ಶನಿವಾರ ಮಧ್ಯಾಹ್ನ. ಶುಕ್ರವಾರ ವರ್ಗ ಮುಗಿದ ಮೇಲೆ ಮಾಸ್ತರ ನಮ್ಮ ಅಧ್ಯಾಪಕರ ಖೋಲಿಯ ಬಾಗಿಲಲ್ಲಿ ನಿಂತರು.

“ಸರ್, ಒಳಗ ಬರ್ಲೇನ್ರಿ?”

“ಬರ್ರಿ ಮಾಸ್ತರ. ಮೂರು ಮಾರ್ಕಿಗೆ ಹ್ವಾತಲ್ರಿ.”

“ಮಾರ್ಕಿನ ತಕರಾರ ಅಲ್ರಿ. ನನ್ನ ಲೆಕ್ಕದಾಗ ಎಲ್ಲಿ ತಪ್ಪೈತೋ ಅಲ್ಲೊಂದು ಗೆರಿ ಹೊಡದು ಕೊಟ್ರ ತಿದ್ಕೊಂತೀನ್ರಿ. ಮತ್ತ ಸೋಮವಾರದಿಂದ ನಮ್ಮೂರ ಕನ್ನಡ ಸಾಲಿಗೆ ಹೋಗೂದು ಐತಲ್ರಿ, ಅದಕ್ಕ ಕೇಳಾಕತ್ತೇನಿ. ನಾ ಹುಡುಗರಿಗೆ ಸೊನ್ನಿ ಕೊಟ್ರ ತಪ್ಪಿನ ಕೆಳಗ ಗೆರಿ ಹೊಡದ ಕೊಡ್ತೀನ್ರಿ. ಗೆರಿ ಇಲ್ಲದ ಸೊನ್ನಿ ಕೊಟ್ರ ಅವು ಅಳತಾವ್ರಿ.”

ಇದನ್ನು ಹೇಳುವಾಗ ಅವರ ಮುಖದಲ್ಲಿ ಕುಹಕ ಇರಲಿಲ್ಲ. ಅದಿದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ನಾನು ಕೆಂಪು ಪೆನ್ಸಿಲ್ ಎತ್ತಿಕೊಂಡು ಗಾಂಭೀರ್ಯದಿಂದ ಮೊದಲ ಸಾಲಿನ ಮೇಲೆ ಹಿಡಿದೆ. ಅಲ್ಲಿ ತಪ್ಪಿರಲಿಲ್ಲ. ಎರಡನೆಯದರ ಮೇಲೆ ಹಿಡಿದೆ. ಅಲ್ಲೂ ಇರಲಿಲ್ಲ.

“ನಾಳೆ ಮುಂಜಾನೆ ಹೇಳ್ತೀನ್ರಿ ಮಾಸ್ತರ. ಪತ್ರಿಕಾ ನನ್ನ ಹಂತ್ಯಾಕ ಇರ್ಲಿ.”

“ಆಗ್ಲಿರಿ” ಎಂದು ಅವರು ರೈಲಿಗೆ ಹೋದರು.

ಶನಿವಾರ ಬೆಳಿಗ್ಗೆ ನಮ್ಮ ಬಸ್ಸು ಸತ್ತೂರಿನ ಹತ್ತಿರ ನಿಂತಿತು. ಬಸ್ಸಿಗೆ ನೀರಡಿಕೆಯಾಗಿತ್ತು, ಡ್ರೈವರು ಡಬ್ಬಿ ಹಿಡಿದು ಬಾವಿಗೆ ಹೋದ. ಆಗ ಅಲ್ಲಿ ಹೊಲ ಬಿಟ್ಟರೆ ಏನೂ ಇರಲಿಲ್ಲ. ನಾನು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು, ಮೊಣಕಾಲ ಮೇಲೆ ಪತ್ರಿಕೆ ಹರಡಿ, ಕೆಂಪು ಪೆನ್ಸಿಲ್ ಹಿಡಿದು ತಪ್ಪನ್ನು ಬೇಟೆಯಾಡತೊಡಗಿದೆ.

ಮಾಸ್ತರ ಒಂದು, ಒಂದರ ಎರಡನೇ ಭಾಗ, ಮೂರನೇ ಭಾಗ, ನಾಲ್ಕನೇ ಭಾಗ ಹೀಗೆ ಕೂಡುತ್ತ ಹೋಗುವ ಶ್ರೇಣಿಯನ್ನು ತೆಗೆದುಕೊಂಡಿದ್ದರು. ಪದಗಳು ಸಣ್ಣವಾಗುತ್ತ ಸೊನ್ನೆಯತ್ತ ಹೋಗುತ್ತವೆ. ನನ್ನ ಪ್ರಮೇಯದ ಪ್ರಕಾರ ಮೊತ್ತ ನಿಲ್ಲಬೇಕು. ಅವರು ಪದಗಳನ್ನು ಶಾಲೆಯ ಮಕ್ಕಳ ಹಾಗೆ ಸಾಲು ನಿಲ್ಲಿಸಿದ್ದರು. ಮೊದಲ ಎರಡು ಪದ ಬಿಟ್ಟು, ಮೊದಲ ಸಾಲಿನಲ್ಲಿ ಇಬ್ಬರು: ಮೂರನೇ ಭಾಗ, ನಾಲ್ಕನೇ ಭಾಗ. ಇಬ್ಬರಲ್ಲಿ ಸಣ್ಣವನು ನಾಲ್ಕನೇ ಭಾಗ. ಇಬ್ಬರೂ ಅವನಷ್ಟೇ ಎಂದು ಹಿಡಿದರೂ ಸಾಲಿನ ಮೊತ್ತ ಅರ್ಧ, ಖರೇ ನೋಡಿದರೆ ಇನ್ನೂ ಹೆಚ್ಚು. ಮುಂದಿನ ಸಾಲಿನಲ್ಲಿ ನಾಲ್ವರು, ಐದನೇ ಭಾಗದಿಂದ ಎಂಟನೇ ಭಾಗದ ತನಕ. ಎಲ್ಲರೂ ಕೊನೆಯ ಸಣ್ಣವನಷ್ಟೇ ಎಂದರೂ ನಾಲ್ಕು ಎಂಟನೇ ಭಾಗ, ಮತ್ತೆ ಅರ್ಧ. ಅದರ ಮುಂದಿನ ಸಾಲಿನಲ್ಲಿ ಎಂಟು ಜನ, ಮತ್ತೆ ಅರ್ಧ. ಅದರ ಮುಂದೆ ಹದಿನಾರು ಜನ, ಮತ್ತೆ ಅರ್ಧ. ಮಕ್ಕಳು ಗಿಡ್ಡಾಗುತ್ತ ಹೋಗುತ್ತಾರೆ, ಸಾಲು ಉದ್ದವಾಗುತ್ತ ಹೋಗುತ್ತದೆ, ಪ್ರತಿ ಸಾಲೂ ತನ್ನ ಅರ್ಧವನ್ನು ತಂದು ಇಟ್ಟೇ ಹೋಗುತ್ತದೆ. ಸಾಲುಗಳಿಗೆ ಕೊನೆಯಿಲ್ಲ. ನೂರು ಬೇಕೆ? ಇನ್ನೂರು ಸಾಲು ಕರೆ. ಲಕ್ಷ ಬೇಕೆ? ಎರಡು ಲಕ್ಷ ಸಾಲು.

ನಾನು ಪೆನ್ಸಿಲ್ ಕೆಳಗಿಟ್ಟೆ.

ಈ ಶ್ರೇಣಿಯ ಮೊತ್ತ ನಿಲ್ಲುವುದಿಲ್ಲ ಎಂಬುದನ್ನು ನಾನೂ ಎಂದೋ ಬಾಯಿಪಾಠ ಮಾಡಿ ಎಂ.ಎಸ್ಸಿ. ಪಾಸಾಗಿದ್ದೆ. ಅದು ನನ್ನ ತಲೆಯ ಒಂದು ಕೋಣೆಯಲ್ಲಿತ್ತು, ನನ್ನ ಪ್ರಮೇಯ ಇನ್ನೊಂದು ಕೋಣೆಯಲ್ಲಿತ್ತು; ಎರಡು ವರ್ಷದಲ್ಲಿ ಅವು ಒಮ್ಮೆಯೂ ಎದುರುಬದುರು ಬಂದಿರಲಿಲ್ಲ. ಸತ್ತೂರಿನ ಕಲ್ಲಿನ ಮೇಲೆ ಬಂದವು. ಎದುರಿಗೆ ಜೋಳದ ಹೊಲ ಗಾಳಿಗೆ ಸಾಲುಸಾಲಾಗಿ ಬಾಗುತ್ತಿತ್ತು. ಹತ್ತಿರದ ದಂಟು ಎತ್ತರ, ದೂರದ್ದು ಗಿಡ್ಡ, ಅದರಾಚೆ ಬರೀ ಹಸಿರು ಗೆರೆ. ಸಣ್ಣದಾದ ಮಾತ್ರಕ್ಕೆ ಹೊಲ ಮುಗಿದಿರಲಿಲ್ಲ. ನನ್ನ ವೃತ್ತಿಯಲ್ಲಿ ನಾನು ಮೊದಲ ಸಲ ಗಣಿತವನ್ನು ಕಣ್ಣಿನಿಂದ ನೋಡಿದ್ದು ಆವತ್ತು. ಅದುವರೆಗೂ ಬರೀ ಬರೆಸುತ್ತಿದ್ದೆ.

“ಏನ್ರೀ ಸರ, ಪೇಪರ ತಪಾಸ್ತೀರೇನು?” ಕಂಡಕ್ಟರು ಕೇಳಿದ. “ಪಾಸ್ ಮಾಡ್ರಿ ಪಾಪ. ನಿಮ್ದೇನ್ ಗಂಟ ಹೊಕ್ಕೈತಿ?”

“ಬರದಾವ ಪಾಸಾಗ್ಯಾನಪಾ. ಕಲಿಸಿದಾವ ನಪಾಸಾದ.”

ಅವನಿಗೆ ಅರ್ಥವಾಗಲಿಲ್ಲ. ಆದರೆ ನನ್ನ ಮುಖ ನೋಡಿ ಟಿಕೆಟು ಕೇಳುವುದನ್ನು ಮುಂದೂಡಿದ.

ಬಸ್ಸು ಧಾರವಾಡ ಮುಟ್ಟುವ ತನಕ ನನ್ನ ಚಿಂತೆ ಬೇರೆಯದೇ. ಮಾಸ್ತರರಿಗೆ ಹತ್ತು ಅಂಕ ಕೊಡಬೇಕಾದರೆ ಇನಾಮದಾರ ಸರ್ ಅವರ ವಹಿಯಲ್ಲಿ ತಪ್ಪಿದೆಯೆಂದು ಇನಾಮದಾರ ಸರ್ ಅವರಿಗೇ ಹೇಳಬೇಕು. ಅವರ ಎದುರು ನಾವು ಸೀನುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದೆವು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಆ ಮನುಷ್ಯ ಮುಗದದ ಮೂರನೇ ಇಯತ್ತೆಯಲ್ಲಿ ನಿಂತು, ತನ್ನ ತಪ್ಪು ಎಲ್ಲಿದೆಯೆಂದು ಹುಡುಕುತ್ತ ಇರುತ್ತಾನೆ ಎಂಬುದು ಕಣ್ಣೆದುರು ಬಂತು. ಇಲ್ಲದ ತಪ್ಪು ಬೇಗ ಸಿಗುವುದಿಲ್ಲ, ಜನ್ಮವಿಡೀ ಹುಡುಕಬಹುದು.

ಸರ್ ಯಾದಿಗೆ ಸಹಿ ಹಾಕಲು ಪೆನ್ನಿಗೆ ಶಾಯಿ ತುಂಬುತ್ತಿದ್ದರು.

“ಸರ್, ನಿಮ್ಮ ವಹಿಯೊಳಗ... ಅನಂತ ಶ್ರೇಣಿ ಪ್ರಕರಣದಾಗ... ಒಂದು ಸಣ್ಣ...”

“ಏನದು? ಛಂದಾಗಿ ಹೇಳು. ಗುಣುಗುಣು ಮಾಡಬ್ಯಾಡ.”

“ತಪ್ಪದ ಸರ್.”

ಅವರು ಪೆನ್ನು ಇಟ್ಟರು. ಕಪಾಟು ತೆರೆದು ಕಪ್ಪು ವಹಿ ತೆಗೆದು ನನ್ನ ಮುಂದೆ ದೂಡಿದರು. “ತೋರಿಸು.”

ನಾನು ಪ್ರಮೇಯ ತೋರಿಸಿದೆ. ಎಂಟು ಸಾಲಿನ ಸಾಧನೆ ತೋರಿಸಿದೆ.

“ಹೂಂ. ಕೆಳಗ ಓದು.”

“ಕೆಳಗ ಕೆಂಪಕ್ಷರ ಅದಾವ ಸರ್.”

“ಯಾಕ, ಕೆಂಪಕ್ಷರ ನಿನ್ನ ಕಣ್ಣಿಗೆ ಕಾಣಂಗಿಲ್ಲೇನು?”

ಓದಿದೆ. ಅಲ್ಲಿ ಹೀಗಿತ್ತು: ‘ಈ ಮೇಲಿನದು ಪೂರಾ ಸುಳ್ಳು. ಇಷ್ಟು ಬರೆಸಿ, ಬಾಯಿ ಮುಚ್ಚಿ, ಹತ್ತು ನಿಮಿಷ ಸುಮ್ಮನೆ ಕೂಡ್ರು. ಯಾರಾದರೂ ಎದ್ದು ನಿಂತು ಇಲ್ಲವೆನ್ನುತ್ತಾರೋ ನೋಡು. ಏಳದಿದ್ದರೆ ನೀನೇ ಎದ್ದು ಇದನ್ನು ಕೆಡವು.’ ಅದರ ಕೆಳಗೆ ಕೆಡವುವ ರೀತಿ: ಎರಡು, ನಾಲ್ಕು, ಎಂಟು. ಮಾಸ್ತರರ ಅದೇ ಸಾಲುಗಳು.

ನಾನು ಎರಡು ವರ್ಷ ಹುಡುಗರಿಗೆ ಪಾಠವೆಂದು ಉಣಿಸಿದ್ದು ಅವರಿಗಾಗಿ ಒಡ್ಡಿದ ಬಲೆಯನ್ನು. ಬಲೆ ಬಿಚ್ಚುವ ಕೆಂಪು ಪುಟವನ್ನು ಸಭ್ಯತೆಯಿಂದ ಬಿಟ್ಟಿದ್ದೆ. ಬಲೆಯೊಳಗೆ ಮೊದಲು ಬಿದ್ದವನೂ ನಾನೇ.

ವಿಷಯವೆಲ್ಲ ಒದರಿಬಿಟ್ಟೆ. ಬೈಗುಳಕ್ಕಾಗಿ ತಲೆ ತಗ್ಗಿಸಿ ನಿಂತೆ. ಅದು ಬರಲಿಲ್ಲ. ಮೇಲೆ ನೋಡಿದರೆ ಸರ್ ಈರಪ್ಪ ಮಾಸ್ತರರ ಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಯ್ದಿದ್ದರು.

“ಹನ್ನೊಂದು ವರ್ಷ ಬರೆಸಿದೆ ನಾನು,” ಎಂದರು, ನನಗಲ್ಲ, ಕಿಟಕಿಗೆ. “ಹನ್ನೊಂದು ವರ್ಷ ಹತ್ತತ್ತು ನಿಮಿಷ ಸುಮ್ಮನ ಕೂತೆ. ಒಬ್ಬನೂ ಏಳಲಿಲ್ಲ. ಯಾರಂವಾ?”

ಹೇಳಿದೆ. ಅವರು ಐವತ್ತೇಳನ್ನು ಹೊಡೆದು ಅರವತ್ತೇಳು ಮಾಡಿ, ಯಾದಿಯ ಕೆಳಗೆ ಹೆಸರು ತಾವೇ ಬರೆದು ಸಹಿ ಹಾಕಿದರು. “ಉಳಿದವರ ಹತ್ತು ಹಂಗ ಇರ್ಲಿ. ಪಾಪ, ನೀ ಹೇಳಿದ್ದು ಬರದಾರ. ಆದ್ರ ಅವರ ತಲ್ಯಾಗಿಂದ ಅದನ್ನ ತಗೀಬೇಕಲ್ಲೋ. ಈಗ ನಿನ್ನ ತಾಸು ಅದ ಅಲ್ಲ? ನಡಿ.”

ಕಟ್ಟೆಯ ಮೇಲೆ ಮಾಸ್ತರ ಕಾಯುತ್ತಿದ್ದರು. ಹೆಸರು ಯಾದಿಯಲ್ಲಿ ಸೇರಿತೆಂದು ಹೇಳಿದೆ. ಅವರು ಟೊಪ್ಪಿಗೆ ತೆಗೆದು, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು.

“ಸರ್, ಕ್ಲಾಸಿನ್ಯಾಗ ಏನೂ ಹೇಳಬ್ಯಾಡ್ರಿ. ನನಗ ಮಾರ್ಕ ಸಿಕ್ತಲ್ರಿ, ಸಾಕು. ನಾನೂ ಮಾಸ್ತರಕಿ ಮಾಡೀನ್ರಿ. ಹುಡುಗ್ರು ಒಮ್ಮೆ ನಕ್ರ ಅಂದ್ರ ಮುಂದ ನಿಮ್ಮ ಮಾತ ಕೇಳಂಗಿಲ್ರಿ ಅವ್ರು.”

ಅವರು ಪರೀಕ್ಷೆಯಲ್ಲಿ ಬರೆದರೇ ಹೊರತು ವರ್ಗದಲ್ಲಿ ಎದ್ದು ನಿಲ್ಲಲಿಲ್ಲವೇಕೆ ಎಂಬುದು ನನಗೆ ಆಗ ಹೊಳೆಯಿತು. ನನ್ನ ಮರ್ಯಾದೆ ಕಾಯಲಿಕ್ಕೆ ಆ ಮನುಷ್ಯ ತನ್ನ ರಜೆಯನ್ನೇ ಪಣಕ್ಕಿಟ್ಟಿದ್ದ.

“ಮಾಸ್ತರ,” ಎಂದೆ, “ಹೇಳಾವ ನಾನಲ್ರಿ. ನೀವು.” ಸೀಮೆಸುಣ್ಣದ ಖಡು ಅವರ ಕೈಗೆ ಕೊಟ್ಟೆ. ಒಳಗೆ ಹೋಗಿ ಎರಡನೆಯ ಬೆಂಚಿನ ಅವರ ಜಾಗದಲ್ಲಿ ಕೂತೆ. ಇನಾಮದಾರ ಸರ್ ಬಂದು ನನ್ನ ಪಕ್ಕಕ್ಕೆ ಕೂತರು. ಬೆಂಚು ಕಿರುಗುಟ್ಟಿತು.

“ನಾ ನಿಮಗ ಬರೆಸಿದ ಪ್ರಮೇಯ ಸುಳ್ಳು,” ಎಂದೆ ಬೆಂಚಿನಿಂದಲೇ. “ಹೆಂಗಂತ ಮಾಸ್ತರ ತೋರಿಸ್ತಾರ.”

ಮಾಸ್ತರ ನೋಟ್ಸು ಬರೆಸಲಿಲ್ಲ. “ಪೆನ್ನ ಕೆಳಗ ಇಡ್ರಿ” ಎಂದರು. ಆ ಕಾಲೇಜಿನಲ್ಲಿ ಅದುವರೆಗೆ ಯಾರೂ ಆಡದ ಮಾತು. ಹುಡುಗರನ್ನು ಎಬ್ಬಿಸಿ ಇಬ್ಬರು, ನಾಲ್ವರು, ಎಂಟು ಜನರ ಸಾಲು ನಿಲ್ಲಿಸಿ, ಒಬ್ಬೊಬ್ಬರ ಬಾಯಿಂದ ಮೂರನೇ ಭಾಗ, ನಾಲ್ಕನೇ ಭಾಗ ಎಂದು ಅವರ ಪಾಲಿನ ಅಪೂರ್ಣಾಂಕ ಹೇಳಿಸಿದರು. ಹದಿನಾರು ಜನರ ಸಾಲಿಗೆ ಗೋಡೆ ಅಡ್ಡ ಬಂತು.

“ಜಾಗಾ ಮುಗೀತ್ರಿ,” ಎಂದ ಹಿಂದಿನ ಬೆಂಚಿನ ಜೋಶಿ.

“ಜಾಗಾ ಮುಗೀತು. ಸಾಲು ಮುಗಿದಿಲ್ಲ,” ಎಂದರು ಮಾಸ್ತರ.

“ಖರೇ ಇರಬಹುದ್ರಿ. ಆದ್ರ ಕಣ್ಣಿಗೆ ಏನೂ ಕಾಣವಲ್ದು.”

ಆಗ ಇನಾಮದಾರ ಸರ್ ಎದ್ದರು. “ಲಾಗ್ ಟೇಬಲ್ ಪುಸ್ತಕ ಯಾರ ಯಾರ ಹಂತ್ಯಾಕ ಅದಾವ? ಆರು ಕೊಡ್ರಿ.” ಒಂದೇ ಅಳತೆಯ ಆರು ಪುಸ್ತಕಗಳನ್ನು ಮೇಜಿನ ಅಂಚಿಗೆ ಒಂದರ ಮೇಲೊಂದು ಇಟ್ಟರು. ಎಲ್ಲಕ್ಕಿಂತ ಮೇಲಿನದನ್ನು ಅದರ ಉದ್ದದ ಅರ್ಧದಷ್ಟು ಹೊರಗೆ ಸರಿಸಿದರು. ಅದರ ಕೆಳಗಿನದನ್ನು ನಾಲ್ಕನೇ ಭಾಗ, ಅದರ ಕೆಳಗಿನದನ್ನು ಆರನೇ ಭಾಗ, ಮತ್ತೆ ಎಂಟನೇ, ಹತ್ತನೇ, ಹನ್ನೆರಡನೇ. ಪ್ರತಿ ಸಲವೂ ಕೂದಲೆಳೆಯಷ್ಟು ಕಡಿಮೆಯೇ. ಕೈ ತೆಗೆದರು. ಬೀಳಲಿಲ್ಲ. ಮೇಲಿನ ಪುಸ್ತಕ ಪೂರ್ತಿಯಾಗಿ ಮೇಜು ಬಿಟ್ಟು ಹೊರಗೆ ಗಾಳಿಯಲ್ಲಿ ಇತ್ತು. ಅದರ ಕೆಳಗೆ ನೇರಕ್ಕೆ ನೋಡಿದರೆ ನೆಲ.

ಯಾರೂ ಉಸಿರು ಬಿಡಲಿಲ್ಲ; ಬಿಟ್ಟರೆ ಬಿದ್ದೀತೆಂದು.

“ಇದು ಮಾಸ್ತರರ ಶ್ರೇಣಿನ,” ಎಂದರು ಸರ್ ಪಿಸುಮಾತಿನಲ್ಲಿ. “ಅದರ ಅರ್ಧ. ಮಾಸ್ತರರ ಮೊತ್ತ ನಿಲ್ಲಂಗಿಲ್ಲ, ಅದಕ್ಕ ಇದು ಹೊರಗ ಸರಿಯೂದೂ ನಿಲ್ಲಂಗಿಲ್ಲ. ಪುಸ್ತಕ ಸಾಕಷ್ಟು ಕೊಡ್ರಿ, ಇದನ್ನ ಮುಗದದ ತನಕ ಒಯ್ಯತೀನಿ.”

“ಎಷ್ಟು ಪುಸ್ತಕ ಬೇಕಾಗ್ತಾವ್ರಿ ಸರ್?” ಜೋಶಿಯ ದನಿಯಲ್ಲಿ ಈಗ ಕೀಟಲೆ ಇರಲಿಲ್ಲ.

“ಜಗತ್ತಿನ್ಯಾಗ ಅಷ್ಟು ಕಾಗದ ಇಲ್ಲೋ. ಆದ್ರ ಲೆಕ್ಕದಾಗ ಅದ.”

ಆಮೇಲೆ ನಾನು ನೋಟ್ಸು ಬರೆಸುವುದನ್ನು ಕ್ರಮೇಣ ಬಿಟ್ಟೆ. ಆ ಸುಳ್ಳು ಪ್ರಮೇಯವನ್ನು ಮಾತ್ರ ಪ್ರತಿ ವರ್ಷ ಬರೆಸಿದೆ, ಹತ್ತು ನಿಮಿಷ ಬಾಯಿ ಮುಚ್ಚಿ ಕೂತೆ. ಹೊಸಬರೇ, ಈ ಕೆಲಸದಲ್ಲಿ ಅತಿ ಕಠಿಣವಾದದ್ದು ಆ ಹತ್ತು ನಿಮಿಷ. ನಿವೃತ್ತಿಯ ತನಕ ಎದ್ದು ನಿಂತವರು ಇಬ್ಬರು.

ಈರಪ್ಪ ಮಾಸ್ತರ ಪದವಿ ಪಡೆದು ಧಾರವಾಡದ ಒಂದು ಹೈಸ್ಕೂಲಿಗೆ ಸೇರಿದರು. ಆ ಸುದ್ದಿ ಹೇಳಲು ಬಂದ ದಿನ ಒಂದು ವಹಿ ತೋರಿಸಿದರು. ಸಾಧನೆ ಹೊಳೆಯುವ ಮೊದಲು ರೈಲಿನಲ್ಲಿ ಕೂತು ಆ ಶ್ರೇಣಿಯನ್ನು ಅವರು ಕೈಯಿಂದಲೇ ಕೂಡುತ್ತಿದ್ದರಂತೆ. ಎಂಬತ್ತಮೂರನೇ ಪದಕ್ಕೆ ಮೊತ್ತ ಐದು ದಾಟಿತ್ತು. ಇನ್ನೂರಾ ಇಪ್ಪತ್ತೇಳಕ್ಕೆ ಆರು.

“ಈಗ ಸಾಧಿಸಿದ್ರಲ್ರಿ ಮಾಸ್ತರ. ಇನ್ನ ಕೂಡಿಸೂದು ಯಾಕ?”

“ಸಾಧಿಸಿದ್ದು ತಲಿಗೆ ತಿಳೀತ್ರಿ ಸರ್. ಕೈಗೂ ತಿಳೀಬೇಕಲ್ರಿ. ದಿನಾ ಒಂದ ಪದ ಕೂಡಿಸ್ತೀನ್ರಿ ಇನ್ನ ಮುಂದ. ಮುಗದ ಬಿಟ್ಟ ಮ್ಯಾಲೆ ಧಾರವಾಡ ಬರೂದ್ರಾಗ ಒಂದು ಭಾಗಾಕಾರ ಆಗ್ತೈತಿ.”

ವರ್ಷದ ಮೇಲೆ ಒಂದು ಪೋಸ್ಟ್ ಕಾರ್ಡು ಬಂತು. ಮುತ್ತಿನಂಥ ಅಕ್ಷರ, ಒಂದೇ ಸಾಲು: ‘ಆರುನೂರಾ ಹದಿನಾರನೇ ಪದಕ್ಕೆ ಏಳು ದಾಟಿತು. ತಮ್ಮ ಆಶೀರ್ವಾದ.’ ಎಂಟು ದಾಟಿದ ಕಾರ್ಡು ಬರಲು ಮೂರು ವರ್ಷ ಹಿಡಿಯಿತು. ಒಂಬತ್ತರದು ಬಂದದ್ದು ಅದರ ಮೇಲೆ ಎಂಟು ವರ್ಷಕ್ಕೆ. ಅಷ್ಟರಲ್ಲಿ ಇನಾಮದಾರ ಸರ್ ಇರಲಿಲ್ಲ. ಇದ್ದಿದ್ದರೆ ಕಿಟಕಿಯ ಬೆಳಕಿಗೆ ಒಯ್ದು ಓದುತ್ತಿದ್ದರು.

ಹತ್ತಕ್ಕೆ ಹನ್ನೆರಡು ಸಾವಿರದ ಮುನ್ನೂರಾ ಅರವತ್ತೇಳನೇ ಪದ ಬೇಕು. ದಿನಕ್ಕೊಂದರಂತೆ ಒಂಬತ್ತರಿಂದ ಅಲ್ಲಿಗೆ ಇಪ್ಪತ್ತೊಂದು ವರ್ಷದ ಮೇಲೆ ಆಗುತ್ತದೆ. ನಾವಿಬ್ಬರೂ ನಿವೃತ್ತರಾಗಿದ್ದೇವೆ. ಅವರಿಗೆ ಈಗ ರೈಲಿಲ್ಲ. ಮನೆಯ ಕಟ್ಟೆಯ ಮೇಲೆ ಕೂತು ಮಾಡುತ್ತಾರಂತೆ. ನಾನು ಪ್ರತಿ ಮಧ್ಯಾಹ್ನ ಟಪಾಲಿನವನ ದಾರಿ ನೋಡುತ್ತೇನೆ. ಕಾರ್ಡು ಇನ್ನೂ ಬಂದಿಲ್ಲ. ಬರುತ್ತದೆ. ಮೊತ್ತ ಹತ್ತನ್ನು ದಾಟಿಯೇ ದಾಟುತ್ತದೆಂದು ಆ ಮನುಷ್ಯ ಒಂದೂವರೆ ಪುಟದಲ್ಲಿ ಸಾಧಿಸಿ ತೋರಿಸಿದ್ದಾನೆ. ಅದರಲ್ಲಿ ತಪ್ಪೆಂದು ಒಂದೇ ಒಂದು ಗೆರೆ ಎಳೆಯಲು ನನಗೆ ಇವತ್ತಿಗೂ ಜಾಗ ಸಿಕ್ಕಿಲ್ಲ.